ಪಲಾಯನವೂ ನಿಷ್ಠೆಯೂ: ಅಲೆಕ್ಸಾಂಡ್ರಿಯದ ಅಥನಾಸಿಯಸ್ಸನನ್ನು ಕುರಿತ ಆಕರಗಳ ಪರಿಶೀಲನೆ

ಈಜಿಪ್ಟಿನ ಮರಳಿಗೆ ಕನ್ನಡ ಸಂಶೋಧನೆ ಒಂದು ಋಣವನ್ನು ಹೊತ್ತಿದೆ. ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಗ್ರೀಕ್ ಪ್ರಹಸನದಲ್ಲಿನ ಅನ್ಯಭಾಷಾ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಷ್ ಸೂಚಿಸಿದಂದಿನಿಂದ ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರ ಮೂಲಕ ಆ ಚರ್ಚೆ ಬೆಳೆದು ಬಂದಿದೆ. ಅದರ ಸಾಧಕಬಾಧಕಗಳನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. ಅದೇ ಮರಳು ಕಾಪಾಡಿಕೊಟ್ಟ ಇನ್ನೊಂದು ಪಪೈರಸ್ ಪತ್ರ ನಮ್ಮ ಪ್ರಸ್ತುತ ವಿಷಯ. ಲಂಡನ್ನಿನ ಸಂಗ್ರಹದಲ್ಲಿ 1914 ಎಂಬ ಸಂಖ್ಯೆಯನ್ನು ಪಡೆದ ಈ ಪತ್ರವನ್ನು 1924ರಲ್ಲಿ ಬೆಲ್ ಪ್ರಕಟಿಸಿದನು. ಇದು ಪ್ರಕಟವಾಗುವವರೆಗೆ, ಕ್ರೈಸ್ತಪರಂಪರೆಯಲ್ಲಿ ಅಚಲನಿಷ್ಠೆಗೆ ಇನ್ನೊಂದು ಹೆಸರೆಂಬಂತಿದ್ದ ಅಥನಾಸಿಯಸ್ಸನನ್ನು ನಾವು ಬಹುಮಟ್ಟಿಗೆ ಅವನ ಬರಹಗಳ ಮೂಲಕವೂ ಅವನ ಅಭಿಮಾನಿಗಳ ಬರಹಗಳ ಮೂಲಕವೂ ಮಾತ್ರ ಬಲ್ಲವರಾಗಿದ್ದೆವು.

ಕ್ರಿ.ಶ. 328ರಿಂದ 373ರವರೆಗೆ ಅಲೆಕ್ಸಾಂಡ್ರಿಯದ ಬಿಷಪ್ಪನಾಗಿದ್ದ ಅಥನಾಸಿಯಸ್ಸನು ಈ 45 ವರ್ಷಗಳಲ್ಲಿ ಐದು ಬಾರಿ ತನ್ನ ಪೀಠವನ್ನು ತೊರೆಯಬೇಕಾಯಿತು. ನಾಲ್ವರು ಚಕ್ರವರ್ತಿಗಳ ಕಾಲದಲ್ಲಿ ಹಂಚಿಹೋದ ಈ ಅಜ್ಞಾತವಾಸ, ಗಡಿಪಾರುಗಳ ಒಟ್ಟು ಅವಧಿ ಸುಮಾರು 17 ವರ್ಷ. ವಿವಾದದ ಮೂಲದಲ್ಲಿದ್ದವನು ಅದೇ ನಗರದ ಪಾದ್ರಿ ಏರಿಯಸ್. ತಂದೆಯಾದ ದೇವರೊಬ್ಬನೇ ಅನಾದಿ. ಮಗನು, ಎಂದರೆ ಕ್ರಿಸ್ತನು, ಎಷ್ಟೇ ಮಹಿಮಾನ್ವಿತನಾದರೂ ಸೃಷ್ಟಿಗೊಳಗಾದವನು ಎಂಬುದು ಅವನ ಬೋಧೆಯ ಸಾರ. (ಈ ಪಂಥೀಯರನ್ನು 'ಏರಿಯನ್ನರು' ಎನ್ನುವುದುಂಟು. 'ಆರ್ಯ' ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) 325ರಲ್ಲಿ ಚಕ್ರವರ್ತಿ ಕಾನ್‌ಸ್ಟಾಂಟೈನನು ನೈಸಿಯದಲ್ಲಿ ಕರೆದ ಮಹಾಸಭೆಯು ಈ ಬೋಧೆಯನ್ನು ತಿರಸ್ಕರಿಸಿ, ಮಗನು ತಂದೆಯೊಡನೆ 'ಹೋಮೊಊಸಿಯಸ್' ಎಂದು ಸಾರಿತು. ನಮ್ಮ ದಾರ್ಶನಿಕ ಪರಿಭಾಷೆಯಲ್ಲಿ ಇದನ್ನು 'ಏಕಸತ್ತ್ವ' ಎನ್ನಬಹುದು. ಆ ಸಭೆಗೆ ಅಥನಾಸಿಯಸ್ ಬಂದದ್ದು ತನ್ನ ಬಿಷಪ್ಪನ ಜೊತೆಯಲ್ಲಿ, ಕೇವಲ ಒಬ್ಬ ಡೀಕನ್ನನಾಗಿ.

ಸಭೆ ಮುಗಿದರೂ ವಿವಾದ ಮುಗಿಯಲಿಲ್ಲ. ಅರಮನೆಯ ಒಲವು ಬದಲಾದಂತೆಲ್ಲ ಧರ್ಮಸಭೆಗಳ ತೀರ್ಮಾನಗಳೂ ಬದಲಾದವು. ಇಲ್ಲೊಂದು ಎಚ್ಚರಿಕೆ ಅಗತ್ಯ. ಏರಿಯಸ್ಸನ ಗ್ರಂಥ ನಮಗೆ ಇಡಿಯಾಗಿ ದೊರೆತಿಲ್ಲ. ಅವನ 'ಥಾಲಿಯ' ಎಂಬ ಪದ್ಯಕೃತಿಯ ತುಣುಕುಗಳು ಉಳಿದಿರುವುದೇ ಅಥನಾಸಿಯಸ್ ಖಂಡನೆಗಾಗಿ ಉದ್ಧರಿಸಿದುದರಿಂದ. ಚಾರ್ವಾಕರನ್ನು ಅವರ ಎದುರಾಳಿಗಳ ಪೂರ್ವಪಕ್ಷಗಳಿಂದ ಹೆಕ್ಕಿಕೊಳ್ಳುವ ಕಷ್ಟವನ್ನು ಬಲ್ಲ ನಮಗೆ, ಬ್ರಹ್ಮಶಿವನ 'ಸಮಯಪರೀಕ್ಷೆ'ಯೊಂದನ್ನೇ ಹಿಡಿದು ಅನ್ಯಮತಗಳ ಚರಿತ್ರೆ ಬರೆಯಲಾಗದೆಂದು ತಿಳಿದ ನಮಗೆ, ಈ ಸ್ಥಿತಿ ಅಪರಿಚಿತವೇನಲ್ಲ. 'ಮಿಥ್ಯಾಬೋಧೆ' ಎಂಬ ಪದ ಗೆದ್ದವರ ನಿಘಂಟಿನದು. ನೈಸಿಯದಲ್ಲಿ ಲಿಬಿಯದ ಇಬ್ಬರು ಬಿಷಪ್ಪರು, ಸೆಕುಂಡಸ್ ಮತ್ತು ಥಿಯೋನಸ್, ಚಕ್ರವರ್ತಿಯ ಸಮ್ಮುಖದಲ್ಲಿಯೂ ಸಹಿ ಹಾಕದೆ ಏರಿಯಸ್ಸನೊಡನೆ ಗಡಿಪಾರಾದರು. ಅವರದೂ ನಿಷ್ಠೆಯೇ.

ಇನ್ನು ಪಪೈರಸ್ಸಿನ ಮಾತು. ಅದನ್ನು ಬರೆದ ಕಲ್ಲಿಸ್ಟಸ್ ಏರಿಯನ್ನನಲ್ಲ, ಮೆಲಿಟಿಯನ್ ಪಂಗಡದವನು. ಈ ಪಂಗಡ ಒಡೆದು ಹೋದದ್ದು ದೇವರ ಸ್ವರೂಪದ ಪ್ರಶ್ನೆಯ ಮೇಲಲ್ಲ, ಧೈರ್ಯದ ಪ್ರಶ್ನೆಯ ಮೇಲೆ. 303ರಲ್ಲಿ ಡಯೋಕ್ಲೀಷಿಯನ್ ಆರಂಭಿಸಿದ ಹಿಂಸಾಕಾಂಡದಲ್ಲಿ ಹೆದರಿ ಮತತ್ಯಾಗ ಮಾಡಿದವರನ್ನು ಮತ್ತೆ ಸೇರಿಸಿಕೊಳ್ಳುವಾಗ ಎಷ್ಟು ಕಠಿಣವಾಗಿರಬೇಕು ಎಂಬ ವಿಷಯದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಪೀಟರನು ಮೃದುವಾಗಿದ್ದನು, ಮೆಲಿಟಿಯಸ್ ನಿಷ್ಠುರನಾಗಿದ್ದನು. ಮೃದುವಾಗಿದ್ದ ಪೀಟರನೇ 311ರಲ್ಲಿ ತನ್ನ ಮತಕ್ಕಾಗಿ ತಲೆಕೊಟ್ಟನೆಂಬುದನ್ನು ಇಲ್ಲಿ ಮರೆಯಬಾರದು. ಎರಡು ದಶಕಗಳಾದ ಮೇಲೂ ಆ ಬಿರುಕು ಉಳಿದಿತ್ತು.

335ರ ಮೇ ತಿಂಗಳ ಘಟನೆಯನ್ನು ಕಲ್ಲಿಸ್ಟಸ್ ತನ್ನ ಪಂಗಡದ ಹಿರಿಯರಿಗೆ ವರದಿ ಮಾಡುತ್ತಾನೆ. ಅಲೆಕ್ಸಾಂಡ್ರಿಯದ ಹೊರವಲಯದ ಸೇನಾಶಿಬಿರದಲ್ಲಿ ತಂಗಿದ್ದ ಮೆಲಿಟಿಯನ್ ಬಿಷಪ್ಪನನ್ನು ಹಿಡಿಯಲು ಅಥನಾಸಿಯಸ್ಸನ ಕಡೆಯವರು ಕುಡಿದ ಸೈನಿಕರನ್ನು ಕಟ್ಟಿಕೊಂಡು ಬಂದರು. ಶಿಬಿರದ ಕೆಲವು ದೈವಭೀರುಗಳು ಅವನನ್ನು ಉಗ್ರಾಣದಲ್ಲಿ ಬಚ್ಚಿಟ್ಟರು. ಸಿಗದುದಕ್ಕೆ ರೋಷಗೊಂಡ ಗುಂಪು ಎದುರಾದ ನಾಲ್ವರು ಸನ್ಯಾಸಿಗಳನ್ನು ಸಾಯುವಂತೆ ಬಡಿಯಿತು. ಪತ್ರ ಸಾರ್ವಜನಿಕರಿಗಾಗಿ ಬರೆದುದಲ್ಲ, ತಮ್ಮವರಿಗೆ ತಮ್ಮವನೊಬ್ಬ ಬರೆದದ್ದು. ಆದುದರಿಂದ ಅದರ ಸಾಕ್ಷ್ಯಕ್ಕೆ ತೂಕ ಹೆಚ್ಚು. ಟಿಮೊತಿ ಬಾರ್ನ್ಸ್‌ನಂತಹ ವಿದ್ವಾಂಸರು ಅಥನಾಸಿಯಸ್ಸನನ್ನು ಬಲಪ್ರಯೋಗಕ್ಕೆ ಹಿಂಜರಿಯದ ಪೀಠಾಧಿಕಾರಿಯೆಂದು ಚಿತ್ರಿಸಿರುವುದಕ್ಕೆ ಇದೂ ಒಂದು ಆಧಾರ. ಡ್ವೇನ್ ಆರ್ನಲ್ಡ್‌ನಂತಹವರು ಅವನ ಪರವಾಗಿ ವಾದಿಸಿದ್ದಾರೆ. ಪತ್ರವು ಅಥನಾಸಿಯಸ್ಸನೇ ಆಜ್ಞೆಯಿತ್ತನೆಂದು ಹೇಳುವುದಿಲ್ಲವಾದರೂ, ತನ್ನ ಹೆಸರಿನಲ್ಲಿ ನಡೆದುದಕ್ಕೆ ಅವನು ಸಂಪೂರ್ಣ ಹೊರಗಿನವನೆಂದು ನಂಬುವುದು ನಮಗೆ ಕಷ್ಟವಾಗುತ್ತದೆ.

ಇದೇ ಪತ್ರದಲ್ಲಿ ಇನ್ನೊಂದು ವಿವರವಿದೆ. ನಮ್ಮ ದೃಷ್ಟಿಯಲ್ಲಿ ಇಡೀ ಪತ್ರದ ಅತ್ಯಂತ ಅಮೂಲ್ಯ ಭಾಗ ಅದೇ. ಟೈರ್ ನಗರದಲ್ಲಿ ತನ್ನ ವಿಚಾರಣೆಗಾಗಿ ಕರೆಯಲಾಗಿದ್ದ ಧರ್ಮಸಭೆಗೆ ಅಥನಾಸಿಯಸ್ ಹೋಗಬೇಕಾಗಿತ್ತು. ಅವನು ಬಹಳ ಎದೆಗುಂದಿದ್ದಾನೆ ಎಂದು ಕಲ್ಲಿಸ್ಟಸ್ ತಿಳಿಸುತ್ತಾನೆ. ಹೊರಡುವವನಂತೆ ಸಾಮಾನು ಸರಂಜಾಮುಗಳನ್ನು ಹಡಗಿಗೇರಿಸಿ, ಹೋಗಲು ಮನಸ್ಸಿಲ್ಲದೆ ಮತ್ತೆ ಕೆಳಗಿಳಿಸಿಕೊಂಡನಂತೆ. ಶತ್ರುಪಕ್ಷದವನು ಕುಹಕದಿಂದ ಗಮನಿಸಿದ ಸಂಗತಿಯಿದು. ಯಾವ ಸಂತಚರಿತ್ರೆಯೂ ಇದನ್ನು ದಾಖಲಿಸುತ್ತಿರಲಿಲ್ಲ. ಹರಿಹರನ ರಗಳೆಗಳ ಶರಣರು ಹೀಗೆ ಬಂದರಿನಲ್ಲಿ ಹಿಂದುಮುಂದು ನೋಡುತ್ತ ನಿಲ್ಲುವುದನ್ನು ಊಹಿಸುವುದು ಸಾಧ್ಯವೆ? ಕೊನೆಗೆ ಅವನು ಹೋದನೆಂಬುದು ನಿಶ್ಚಿತ.

ಟೈರಿನಲ್ಲಿ ಅವನ ಮೇಲಿದ್ದ ಆರೋಪಗಳಲ್ಲಿ ಒಂದು ಕೊಲೆಯದು: ಅರ್ಸೇನಿಯಸ್ ಎಂಬ ಮೆಲಿಟಿಯನ್ ಬಿಷಪ್ಪನನ್ನು ಕೊಲ್ಲಿಸಿ, ಮಾಟಕ್ಕಾಗಿ ಅವನ ಕೈ ಕತ್ತರಿಸಿಟ್ಟುಕೊಂಡಿದ್ದಾನೆ ಎಂಬುದು. ಅರ್ಸೇನಿಯಸ್ ಜೀವಂತವಾಗಿ ಅಡಗಿದ್ದುದು ಪತ್ತೆಯಾಯಿತು. ಮುಂದಿನ ತಲೆಮಾರುಗಳ ಚರಿತ್ರಕಾರರು ಅವನನ್ನು ಸಭೆಯೊಳಗೆ ಮುಸುಕು ಹಾಕಿ ತಂದು, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ತೋರಿಸುವ ರಂಜಕ ದೃಶ್ಯವನ್ನು ಕಟ್ಟಿದರು. ತೀರ್ಪು ಮಾತ್ರ ಅವನ ವಿರುದ್ಧವಾಗಿಯೇ ಹೋಯಿತು. ಅವನು ಸಭೆಯಿಂದ ತಪ್ಪಿಸಿಕೊಂಡು ನೇರವಾಗಿ ರಾಜಧಾನಿಗೆ ಹೋಗಿ ಚಕ್ರವರ್ತಿಯನ್ನು ದಾರಿಯಲ್ಲಿ ತಡೆದು ನ್ಯಾಯ ಬೇಡಿದನು. ಆಗ ವಿರೋಧಿಗಳು, ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಹೋಗುವ ಧಾನ್ಯವನ್ನು ನಿಲ್ಲಿಸುವುದಾಗಿ ಇವನು ಬೆದರಿಸಿದ್ದಾನೆಂದು ಹೊಸ ದೂರು ತಂದರು. ಮಿಥ್ಯಾಬೋಧೆಯ ಪ್ರಶ್ನೆ ಅನ್ನದ ಪ್ರಶ್ನೆಯಾದೊಡನೆ ಕಾನ್‌ಸ್ಟಾಂಟೈನ್ ತಡಮಾಡಲಿಲ್ಲ. ಅಥನಾಸಿಯಸ್ ಸಾಮ್ರಾಜ್ಯದ ವಾಯವ್ಯದ ಟ್ರಿಯರ್ ನಗರಕ್ಕೆ ಗಡಿಪಾರಾದನು. ಅವನ ಎರಡನೆಯ ಗಡಿಪಾರು (339-346) ಬಹುಪಾಲು ರೋಮಿನಲ್ಲಿಯೂ ಪಶ್ಚಿಮದ ಇತರ ನಗರಗಳಲ್ಲಿಯೂ ಕಳೆಯಿತು.

ಮೂರನೆಯದು ಬೇರೆ ಬಗೆಯದು. 356ರ ಫೆಬ್ರವರಿಯ ಒಂದು ರಾತ್ರಿ, ಥಿಯೋನಸ್ಸನ ಹೆಸರಿನ ಚರ್ಚಿನಲ್ಲಿ ಜನ ಜಾಗರಣೆ ಕುಳಿತಿದ್ದಾಗ ದಂಡನಾಯಕ ಸಿರಿಯಾನಸ್ ಸೈನ್ಯದೊಡನೆ ಮುತ್ತಿದನು. ಸೈನಿಕರು 5000ಕ್ಕೂ ಹೆಚ್ಚೆಂದು ಅಥನಾಸಿಯಸ್ ಬರೆಯುತ್ತಾನೆ. ಅವನು ಪೀಠದಲ್ಲಿ ಕುಳಿತು ಡೀಕನ್ನನಿಂದ ಕೀರ್ತನೆಯೊಂದನ್ನು ಓದಿಸಿ, ಜನರಿಂದ ಪಲ್ಲವಿ ಹೇಳಿಸಿದನು. ಎಲ್ಲರೂ ಹೊರಹೋಗುವವರೆಗೆ ತಾನು ಏಳುವುದಿಲ್ಲವೆಂದು ಹಟ ಹಿಡಿದನು. ಕಡೆಗೆ ಸನ್ಯಾಸಿಗಳು ಅವನನ್ನು ಎಳೆದುಕೊಂಡು ಕತ್ತಲೆಯಲ್ಲಿ ಮರೆಯಾದರು. ಮುಂದಿನ ಆರು ವರ್ಷ ಅವನು ಯಾರ ಕೈಗೂ ಸಿಗಲಿಲ್ಲ.

ವಿರೋಧಿಗಳು ಅವನನ್ನು ಹೇಡಿಯೆಂದು ಜರೆದರು. ಅದಕ್ಕೆ ಅವನು ಬರೆದ ಉತ್ತರವೇ 'ಪಲಾಯನದ ಸಮರ್ಥನೆ' ಎಂಬ ಕೃತಿ. ಯಾಕೋಬ, ಮೋಶೆ, ದಾವೀದ, ಎಲೀಯ ಎಲ್ಲರೂ ಓಡಿದವರೇ. ಸ್ವತಃ ಯೇಸುವೂ ತನ್ನ ಸಮಯ ಬರುವವರೆಗೆ ಮರೆಯಾಗಿದ್ದನು. ಓಡುವುದು ತಪ್ಪಾದರೆ ಓಡಿಸುವುದು ಅದಕ್ಕಿಂತ ದೊಡ್ಡ ತಪ್ಪು ಎಂಬುದು ಅವನ ವಾದಸರಣಿ. ಬೆನ್ನು ತೋರದೆ ಮಡಿದವರನ್ನು ವೀರಗಲ್ಲುಗಳಲ್ಲಿ ನಿಲ್ಲಿಸಿದ ನಾಡಿನಿಂದ ಬಂದ ಓದುಗರಿಗೆ ಇದು ಸುಲಭವಾಗಿ ಒಗ್ಗುವ ವಾದವಲ್ಲ. ರನ್ನನ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದ್ದು ನಮಗೆ ನೆನಪಿದೆ. ಭೀಮನ ಮೂದಲೆಯನ್ನು ತಾಳಲಾರದೆ ಅವನು ನೀರಿನಿಂದ ಮೇಲೆದ್ದು ಬಂದನು. ಅಥನಾಸಿಯಸ್ ಮೂದಲೆಗೆ ಎದ್ದು ಬರಲಿಲ್ಲ. ಅಡಗಿದ್ದಲ್ಲಿಂದಲೇ ಬರೆಯುತ್ತ ಹೋದನು. ಸತ್ತಿದ್ದರೆ ಅವನ ಪಕ್ಷಕ್ಕೆ ಒಬ್ಬ ಹುತಾತ್ಮ ಸಿಗುತ್ತಿದ್ದನು. ಬದುಕಿ ಅಡಗಿದ್ದರಿಂದ ಅಲೆಕ್ಸಾಂಡ್ರಿಯದ ಪೀಠಕ್ಕೆ ಕೂಡಿಸಿದ ಬದಲಿ ಬಿಷಪ್ಪನು ಕೊನೆಯವರೆಗೂ ಬದಲಿಯಾಗಿಯೇ ಉಳಿದನು. ಮರೆಯಿಂದ ಬರೆದ ಬರಹಗಳಲ್ಲಿ ಎರಡು ದನಿಗಳಿವೆ ಎಂಬುದನ್ನೂ ಹೇಳಬೇಕು. ಚಕ್ರವರ್ತಿ ಕಾನ್‌ಸ್ಟಾಂಟಿಯಸ್ಸನನ್ನು ಉದ್ದೇಶಿಸಿದ ಬಿನ್ನಹದಲ್ಲಿ ವಿನಯ ತುಂಬಿದ್ದರೆ, ಸನ್ಯಾಸಿಗಳಿಗಾಗಿ ಬರೆದ 'ಏರಿಯನ್ನರ ಇತಿಹಾಸ'ದಲ್ಲಿ ಅದೇ ಚಕ್ರವರ್ತಿ ಕ್ರಿಸ್ತವಿರೋಧಿಯ ಮುಂದಾಳು. ಸತ್ಯವನ್ನು ಕತ್ತಿ ಈಟಿಗಳಿಂದ, ಸೈನಿಕರಿಂದ ಸಾರಲಾಗದು, ಮನವೊಲಿಕೆಯಿಂದಲೇ ಸಾರಬೇಕು ಎಂಬ ಮಾತೂ ಅದರಲ್ಲೇ ಬರುತ್ತದೆ. 335ರ ಶಿಬಿರದ ಆ ನಾಲ್ವರು ಸನ್ಯಾಸಿಗಳು ಈ ಮಾತನ್ನು ಓದಿದ್ದರೆ ಏನೆನ್ನುತ್ತಿದ್ದರೋ!

ಅದೇ ಗ್ರಂಥದಲ್ಲಿ ಸೋತವರ ವಿಷಯವೂ ಇದೆ. ಸ್ಪೇನಿನ ಹೋಸಿಯಸ್ ನೈಸಿಯ ಸಭೆಯ ಮುಂಚೂಣಿಯಲ್ಲಿದ್ದ ಹಿರಿಯ; 357ರ ಹೊತ್ತಿಗೆ ನೂರು ವರ್ಷದ ಆಸುಪಾಸಿನ ಮುದುಕ. ಸಿರ್ಮಿಯಮ್ಮಿನಲ್ಲಿ ಒಂದು ವರ್ಷ ತಡೆದಿಟ್ಟು, ಹೊಡೆದು, ಕಡೆಗೂ ಅವನನ್ನು ವಿರೋಧಿಪಕ್ಷದೊಡನೆ ಸೇರುವಂತೆ ಮಾಡಿದರು. ರೋಮಿನ ಲಿಬೇರಿಯಸ್ಸನು ಎರಡು ವರ್ಷದ ಗಡಿಪಾರಿನ ಅನಂತರ ಮಣಿದನು. ಅಥನಾಸಿಯಸ್ಸನ ಲೇಖನಿ ಹರಿತವಾದುದು, ಅನೇಕ ಸಲ ಅನ್ಯಾಯವಾಗಿಯೂ ಹರಿತವಾದುದು. ಆದರೆ ಈ ಇಬ್ಬರ ವಿಷಯದಲ್ಲಿ ಅದು ಮೊಂಡಾಗುತ್ತದೆ. ಹಿಂಸೆಯಿಂದ ಹೊರಟ ಮಾತು ಹೆದರಿದವನ ಮಾತಲ್ಲ, ಹಿಂಸಿಸಿದವನ ಮಾತು ಎಂಬಂತೆ ಅವನು ವಾದಿಸುತ್ತಾನೆ. ಹಡಗಿಗೆ ಏರಿಸಿದ ಗಂಟನ್ನು ಮರಳಿ ಇಳಿಸಿದ ಅನುಭವವಿದ್ದವನಿಂದಲೇ ಈ ಮಾತು ಬರಲು ಸಾಧ್ಯ ಎಂದು ನಾವು ತರ್ಕಿಸಿದರೆ ತಪ್ಪಾಗಲಾರದು.

ಅವನದು ಪದನಿಷ್ಠೆಯೂ ಆಗಿರಲಿಲ್ಲ. ನೈಸಿಯದ 'ಹೋಮೊಊಸಿಯಸ್' ಪದದ ಕಾವಲುಗಾರನೆಂದು ಪ್ರಸಿದ್ಧನಾದ ಅವನು ಏರಿಯನ್ನರ ಖಂಡನೆಗೆಂದೇ ಬರೆದ ದೀರ್ಘ ಪ್ರಬಂಧಗಳಲ್ಲಿ ಆ ಪದವನ್ನು ಬಳಸಿದ್ದು ತೀರ ವಿರಳ. 350ರ ದಶಕದಲ್ಲಿ ಮಾತ್ರ ಅದರ ಸಮರ್ಥನೆಗೆ ನಿಂತನು. 'ಹೋಮೊಯಿಊಸಿಯಸ್' ಎಂದರೆ 'ಸದೃಶಸತ್ತ್ವ' ಎನ್ನುತ್ತಿದ್ದವರನ್ನು, ಗ್ರೀಕಿನಲ್ಲಿ ಒಂದೇ ಅಕ್ಷರದಷ್ಟು ದೂರವಿದ್ದವರನ್ನು, ಅವನು ಶತ್ರುಗಳೆನ್ನದೆ ಸೋದರರೆಂದು ಕರೆದನು. 362ರಲ್ಲಿ ಮರಳಿ ಬಂದೊಡನೆ ಅಲೆಕ್ಸಾಂಡ್ರಿಯದಲ್ಲಿ ಸಭೆ ಕರೆದು, ದೇವರಲ್ಲಿ 'ಹೈಪೋಸ್ಟಾಸಿಸ್' ಒಂದೆನ್ನುವವರನ್ನೂ ಮೂರೆನ್ನುವವರನ್ನೂ ಎದುರುಬದುರು ಕೂರಿಸಿ, ಆ ಪದದಿಂದ ನಿಮ್ಮ ಅಭಿಪ್ರಾಯವೇನೆಂದು ಕೇಳಲಾಯಿತು. ಇಬ್ಬರ ಅರ್ಥವೂ ಒಂದೇ ಎಂದು ತಿಳಿದಾಗ ಇಬ್ಬರನ್ನೂ ಒಪ್ಪಲಾಯಿತು. ಪರಿಭಾಷೆಯ ಜಗಳಗಳಲ್ಲಿ ಹೀಗೆ ಕೇಳಿ ನೋಡುವ ತಾಳ್ಮೆ ಅಪರೂಪ. 359ರಲ್ಲಿ ರಿಮಿನಿಯಲ್ಲಿ ಸೇರಿದ 400ಕ್ಕೂ ಮಿಕ್ಕ ಬಿಷಪ್ಪರು ಅರಮನೆಯ ಒತ್ತಡಕ್ಕೆ ಮಣಿದುದು ಎಲ್ಲರಿಗೂ ಗೊತ್ತಿತ್ತು. ಅವರಿಗೆ ಮರಳಿ ಬರುವ ಬಾಗಿಲನ್ನೂ ಈ ಸಭೆ ತೆರೆದಿಟ್ಟಿತು. ಪೀಟರನ ಮೃದುತ್ವದ ಹಾದಿ ಇದು, ಮೆಲಿಟಿಯಸ್ಸನದಲ್ಲ.

'ಲೋಕದೆದುರು ಒಬ್ಬನೇ ಅಥನಾಸಿಯಸ್' ಎಂಬ ನಾಣ್ಣುಡಿ ಯೂರೋಪಿನಲ್ಲಿ ಬಳಕೆಗೆ ಬಂದಿದೆ. ಕೇಳಲು ಸೊಗಸಾದ ಇದು ಚರಿತ್ರೆಯಾಗಿ ನಿಲ್ಲುವುದಿಲ್ಲ. ಆರು ವರ್ಷ ಒಬ್ಬನೇ ಅಡಗಿರಲು ಯಾರಿಗೂ ಆಗದು. ಅವನನ್ನು ಹಡಗಿನಿಂದ ಹಡಗಿಗೆ, ಆಶ್ರಮದಿಂದ ಆಶ್ರಮಕ್ಕೆ ದಾಟಿಸಿದವರು ಕಾಪ್ಟಿಕ್ ಮಾತನಾಡುವ ಸನ್ಯಾಸಿಗಳು, ದೋಣಿಗಾರರು, ನಗರದ ಮನೆಗಳವರು. ಅವನಿಂದ ದೀಕ್ಷಿತನಾಗಿ ಆಕ್ಸುಮ್ ರಾಜ್ಯಕ್ಕೆ ಹೋಗಿದ್ದ ಬಿಷಪ್ ಫ್ರುಮೆಂಟಿಯಸ್ಸನನ್ನು ಮರುಪರೀಕ್ಷೆಗಾಗಿ ಹಿಂದಕ್ಕೆ ಕಳುಹಿಸಬೇಕೆಂದು ಕಾನ್‌ಸ್ಟಾಂಟಿಯಸ್ ಅಲ್ಲಿನ ಅರಸರಿಗೆ ಪತ್ರ ಬರೆದನು. (ರುಫಿನಸ್ಸನು ಈ ನಾಡನ್ನು 'ಒಳ ಇಂಡಿಯ' ಎಂದು ಕರೆದಿರುವುದನ್ನು ನೋಡಿ ಅದನ್ನು ನಮ್ಮ ಕರಾವಳಿಗೆ ಅನ್ವಯಿಸುವ ಅವಸರ ಬೇಡ, ಅದು ಇಂದಿನ ಇಥಿಯೋಪಿಯ.)

ಹುಡುಕಾಟದ ಬೆಲೆ ತೆತ್ತವರ ಹೆಸರುಗಳು ಹೆಚ್ಚಾಗಿ ಅಳಿದುಹೋಗಿವೆ. ಅಥನಾಸಿಯಸ್ಸನ ವಾರ್ಷಿಕ ಹಬ್ಬದ ಪತ್ರಗಳಿಗೆ ಲಗತ್ತಾದ ಒಂದು ಕಾಲಾನುಕ್ರಮ ಸೂಚಿ ಸಿರಿಯಾಕ್ ಭಾಷೆಯಲ್ಲಿ ಉಳಿದುಬಂದಿದ್ದು, 1848ರಲ್ಲಿ ಮುದ್ರಣಗೊಂಡಿತು. ತೀರ ಒಣ ಬರಹ; ಅದೇ ಅದರ ಯೋಗ್ಯತೆ. 359-60ರ ನಮೂದಿನಲ್ಲಿ, ದಂಡನಾಯಕ ಆರ್ಟೆಮಿಯಸ್ ಬಿಷಪ್ಪನನ್ನು ಹುಡುಕುತ್ತ ಒಂದು ಮನೆಯ ಚಿಕ್ಕ ಕೋಣೆಯನ್ನು ಹೊಕ್ಕು ಯುಡೆಮೋನಿಸ್ ಎಂಬ ಕನ್ಯಾವ್ರತಧಾರಿಣಿಯನ್ನು ಕ್ರೂರವಾಗಿ ಹಿಂಸಿಸಿದನೆಂದು ದಾಖಲಾಗಿದೆ. ಆರ್ಟೆಮಿಯಸ್ ಮುಂದೆ ಜೂಲಿಯನ್ನನ ಕಾಲದಲ್ಲಿ ಮರಣದಂಡನೆಗೆ ಗುರಿಯಾಗಿ, ವಿಚಿತ್ರವೆಂಬಂತೆ, ಪೂರ್ವದ ಚರ್ಚಿನಲ್ಲಿ ತಾನೇ ಹುತಾತ್ಮನೆನಿಸಿಕೊಂಡನು. ಆ ಸ್ತ್ರೀಯ ಕುರಿತು ಸೂಚಿ ಮುಂದೇನನ್ನೂ ಹೇಳುವುದಿಲ್ಲ. ಸುಮಾರು 60 ವರ್ಷಗಳ ಅನಂತರ ಪಲ್ಲಾಡಿಯಸ್, ಅಲೆಕ್ಸಾಂಡ್ರಿಯದಲ್ಲಿ ತಾನು ಕಂಡ ಎಪ್ಪತ್ತರ ವೃದ್ಧೆಯೊಬ್ಬಳ ಕಥೆಯನ್ನು ಬರೆದಿಟ್ಟನು: ಇಪ್ಪತ್ತರ ಹರೆಯದಲ್ಲಿ ಅವಳು ಅಥನಾಸಿಯಸ್ಸನನ್ನು ಆರು ವರ್ಷ ತನ್ನ ಮನೆಯಲ್ಲಿ ಬಚ್ಚಿಟ್ಟು, ಪುಸ್ತಕಗಳನ್ನು ಕಡ ತಂದುಕೊಟ್ಟಳಂತೆ. ಪಲ್ಲಾಡಿಯಸ್ಸನ ಕಥೆಯಲ್ಲಿ ಹಿಂಸೆಯ ಸುದ್ದಿಯಿಲ್ಲ, ಅವಳ ಹೆಸರೂ ಇಲ್ಲ. ಸೂಚಿಯ ಒಂದು ಸಾಲಿನಲ್ಲಿ ಹೆಸರಿದೆ, ಕೋಣೆಯಿದೆ, ಹಿಂಸೆಯಿದೆ. ಆ ಕೋಣೆಯಲ್ಲಿ ಬಿಷಪ್ಪನು ಸಿಗಲಿಲ್ಲ.