ಮ್ಯಾರಥಾನ್ ಬಯಲಿನಲ್ಲಿ ಗುರಾಣಿ ಹೊತ್ತ ಎರಡು ದಿನ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಫೋನ್ ಮಾಡಿದಾಗ, ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗಾವಕಾಶಗಳ ಬಗ್ಗೆ ಬರೆಯಲು ಸೂಚಿಸಿದರು. ಆ ವಿಷಯ ಈಗ ಹತ್ತನೇ ತರಗತಿಯಲ್ಲಿರುವ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಅವರ ಅನುಮತಿ ಪಡೆದು, ಇದೇ ಶಾಲೆಯ ಸಮಾಜ ವಿಜ್ಞಾನದ ತರಗತಿಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗಿದ್ದ ಒಂದು ಯುದ್ಧದ ಬಗ್ಗೆ ಬರೆಯುತ್ತಿದ್ದೇನೆ.

ಮ್ಯಾರಥಾನ್ ಎಂದರೆ ಇಂದು ಓಟ. ಆದರೆ ಅದು ಒಂದು ಊರಿನ ಹೆಸರು. ಗ್ರೀಸ್ ದೇಶದ ಅಥೆನ್ಸ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಸಮುದ್ರ ಇರುವ ಬಯಲು. ಕ್ರಿ.ಪೂ. 490ರಲ್ಲಿ ಪರ್ಷಿಯಾದ ಚಕ್ರವರ್ತಿ ಒಂದನೇ ಡೇರಿಯಸ್ ಕಳಿಸಿದ ಸೈನ್ಯ ಹಡಗುಗಳಲ್ಲಿ ಬಂದು ಇಲ್ಲಿ ಇಳಿಯಿತು. ಅಥೆನ್ಸಿನವರು, ಪ್ಲಾಟಿಯ ಎಂಬ ಪುಟ್ಟ ಊರಿನವರನ್ನು ಜೊತೆಗೆ ಸೇರಿಸಿಕೊಂಡು, ಅದನ್ನು ಸೋಲಿಸಿ ಕಡಲಿಗೆ ಅಟ್ಟಿದರು. ಗೆದ್ದ ಸುದ್ದಿ ಹೇಳಲು ಒಬ್ಬ ಅಥೆನ್ಸಿಗೆ ಓಡಿ, ಹೇಳಿ ಸತ್ತ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಯುದ್ಧದ ಬಗ್ಗೆ ಬರೆದವರಲ್ಲಿ ನಮಗೆ ಸಿಗುವ ಅತಿ ಹಳೆಯ ಇತಿಹಾಸಕಾರ ಹೆರೊಡೋಟಸ್‌ನಲ್ಲಿ ಈ ಕಥೆಯೇ ಇಲ್ಲ. ಅವನು ಹೇಳುವುದು, ಯುದ್ಧಕ್ಕೆ ಮೊದಲೇ ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡಿದ ದೂತನ ವಿಷಯ. ಸುದ್ದಿ ಹೇಳಿ ಸತ್ತವನ ಕಥೆ ಬರುವುದು ಐದಾರು ನೂರು ವರ್ಷ ಕಳೆದ ಮೇಲೆ ಬರೆದ ಪ್ಲೂಟಾರ್ಕ್ ಮತ್ತು ಲೂಸಿಯನ್ ಅವರಲ್ಲಿ. 1896ರ ಒಲಿಂಪಿಕ್ಸ್‌ನಲ್ಲಿ ಅದನ್ನೇ ಓಟ ಮಾಡಿದರು, ಕಥೆ ಗಟ್ಟಿಯಾಯಿತು.

ಕಂಪನಿಯ ಕೆಲಸದ ಮೇಲೆ ನಾನು ಅಥೆನ್ಸಿನಲ್ಲಿ ಆರು ತಿಂಗಳು ಇದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬ ಹವ್ಯಾಸಿ ತಂಡವೊಂದರ ಸದಸ್ಯ. ಅವರು ಹಳೆಯ ಕಾಲದ ಉಡುಪು, ಆಯುಧಗಳನ್ನು ಅಂದಿನ ಚಿತ್ರ ಮತ್ತು ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ನೋಡಿ ಕೈಯಾರೆ ಮಾಡಿಕೊಂಡು, ಬಯಲಿನಲ್ಲಿ ಡೇರೆ ಹಾಕಿ, ಅಂದಿನವರಂತೆ ಉಂಡು ಮಲಗಿ, ಯುದ್ಧವನ್ನು ಮತ್ತೆ ಆಡಿ ತೋರಿಸುತ್ತಾರೆ. ನಮ್ಮೂರಿನವರಿಗೆ ಹೇಳುವುದಾದರೆ ಬಯಲಾಟಕ್ಕೆ ಹತ್ತಿರದ್ದು. ಆದರೆ ಇಲ್ಲಿ ಹಾಡಿಲ್ಲ, ಬಣ್ಣವಿಲ್ಲ. ಒಂದು ಗುಂಡಿ ತಪ್ಪಾಗಿದ್ದರೂ ಗಂಟೆಗಟ್ಟಲೆ ಜಗಳ ನಡೆಯುತ್ತದೆ. ಅಕ್ಟೋಬರಿನ ಒಂದು ಶನಿವಾರ, ಭಾನುವಾರ ನಾನು ಅವರೊಡನೆ ಮ್ಯಾರಥಾನ್ ಕಡಲತೀರದ ಪೈನ್ ಮರಗಳ ನೆರಳಿನಲ್ಲಿ ಕಳೆದೆ. ಡೇರೆಯ ಒಳಗೆ ಕಾಲಿಡುವ ಮೊದಲೇ ನನ್ನ ವಾಚು, ಮೊಬೈಲು, ಕನ್ನಡಕ ಮೂರನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡರು.

ಶನಿವಾರ ಬೆಳಿಗ್ಗೆ ಕವಾಯತು. ಆ ಕಾಲದ ಗ್ರೀಕ್ ಕಾಲಾಳುವಿಗೆ ಹಾಪ್ಲೈಟ್ ಎನ್ನುತ್ತಾರೆ. ಅವನ ಗುರಾಣಿ ಸುಮಾರು 90 ಸೆಂಟಿಮೀಟರ್ ಅಗಲದ ದುಂಡನೆಯ ಮರದ ಬೋಗುಣಿ, ಮುಂದೆ ತೆಳುವಾದ ಕಂಚಿನ ತಗಡು. ತೂಕ ಏಳು ಕಿಲೋ ಆಸುಪಾಸು. ಹಿಡಿ ನಡುವಿನಲ್ಲಿಲ್ಲ. ನಡುವೆ ಇರುವುದು ಮೊಳಕೈವರೆಗೆ ತೋಳನ್ನು ತೂರಿಸುವ ಪಟ್ಟಿ. ಮುಷ್ಟಿಯಲ್ಲಿ ಹಿಡಿಯುವ ಹಗ್ಗ ಇರುವುದು ಅಂಚಿನಲ್ಲಿ. ಹೀಗಾಗಿ ಗುರಾಣಿಯ ಅರ್ಧ ಮಾತ್ರ ನನ್ನನ್ನು ಕಾಯುತ್ತದೆ. ಉಳಿದರ್ಧ ನನ್ನ ಎಡಕ್ಕೆ ಚಾಚಿಕೊಂಡು ಪಕ್ಕದವನ ಬಲಮಗ್ಗುಲನ್ನು ಮುಚ್ಚುತ್ತದೆ. ನನ್ನ ಬಲಮಗ್ಗುಲಿಗೆ ಬಲಗಡೆಯವನ ಗುರಾಣಿಯೇ ಗತಿ.

ಇದನ್ನು ಓದಿದರೆ ಒಂದು ವಾಕ್ಯ. ನಿಂತು ನೋಡಿದರೆ ಬೇರೆ. ಎರಡು ಮೀಟರಿಗೂ ಉದ್ದದ ಈಟಿ ಹಿಡಿದು ಇಪ್ಪತ್ತು ಚಿಲ್ಲರೆ ಜನ ಎರಡು ಸಾಲಾಗಿ ನಿಂತು, ಎದುರಿಗೆ ನೆಟ್ಟಿದ್ದ ಕೋಲಿನ ಕಡೆಗೆ ನೇರವಾಗಿ ನಡೆದೆವು. ಐವತ್ತು ಹೆಜ್ಜೆಯಾದ ಮೇಲೆ ನೋಡಿದರೆ ಕೋಲು ನಮ್ಮ ಎಡಗಡೆ ದೂರದಲ್ಲಿ ಉಳಿದಿತ್ತು. ಯಾರೂ ಬೇಕೆಂದು ಸರಿದಿರಲಿಲ್ಲ. ಮಳೆಯಲ್ಲಿ ಒಂದೇ ಕೊಡೆಯಡಿ ಇಬ್ಬರು ನಡೆದರೆ ಕೊಡೆ ಹಿಡಿಯದವನು ಮೆಲ್ಲಗೆ ಇನ್ನೊಬ್ಬನ ಮೈಗೆ ಒತ್ತಿಕೊಳ್ಳುತ್ತಾನಲ್ಲ, ಹಾಗೆ ಪ್ರತಿಯೊಬ್ಬನೂ ಬಲಗಡೆಯ ಗುರಾಣಿಯ ಮರೆಗೆ ಅರ್ಧ ಅಂಗುಲ ಸರಿದಿದ್ದ. ತಂಡದ ಮುಖ್ಯಸ್ಥ, ವೃತ್ತಿಯಿಂದ ಶಾಲಾ ಮೇಷ್ಟ್ರು, ನಕ್ಕು ಹೇಳಿದರು: "ಇದನ್ನು ಥುಸಿಡೈಡಿಸ್ ಆಗಲೇ ಬರೆದಿಟ್ಟಿದ್ದಾನೆ." ನಿಜ. ಕ್ರಿ.ಪೂ. 418ರ ಮ್ಯಾಂಟಿನಿಯ ಯುದ್ಧವನ್ನು ವರ್ಣಿಸುತ್ತ ಆ ಇತಿಹಾಸಕಾರ, ಎಲ್ಲ ಸೈನ್ಯಗಳೂ ಮುನ್ನುಗ್ಗುವಾಗ ಬಲಕ್ಕೆ ವಾಲುತ್ತವೆ, ಕಾರಣ ಭಯ ಎಂದು ಇದೇ ವಿಷಯವನ್ನು ದಾಖಲಿಸಿದ್ದಾನೆ. ಅವನು ಸ್ವತಃ ಸೇನಾಪತಿಯಾಗಿದ್ದವನು. ಎರಡು ಸಾವಿರದ ನಾನೂರು ವರ್ಷ ಹಿಂದಿನ ವಾಕ್ಯವೊಂದು ನನ್ನ ಎಡತೋಳಿನ ನೋವಿನಲ್ಲಿ ನಿಜವಾದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಎಲ್ಲವೂ ಹೀಗೆ ನಿಜವಾಗುವುದಿಲ್ಲ. ಅಥೆನ್ಸಿನವರು ಎಂಟು ಸ್ಟೇಡಿಯಂ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ದೂರವನ್ನು ಓಡಿಕೊಂಡೇ ಹೋಗಿ ಶತ್ರುವಿನ ಮೇಲೆ ಬಿದ್ದರು ಎಂದು ಹೆರೊಡೋಟಸ್ ಬರೆದಿದ್ದಾನೆ. 1970ರ ದಶಕದಲ್ಲಿ ಅಮೆರಿಕದ ವಾಲ್ಟರ್ ಡಾನ್ಲನ್ ಮತ್ತು ಜೇಮ್ಸ್ ಥಾಂಪ್ಸನ್ ಎಂಬ ವಿದ್ವಾಂಸರು ಆರೋಗ್ಯವಂತ ವಿದ್ಯಾರ್ಥಿಗಳಿಗೆ ಭಾರ ಹೊರಿಸಿ ಓಡಿಸಿ ಪರೀಕ್ಷೆ ಮಾಡಿ, ಅಷ್ಟು ದೂರ ಓಡಿ ನಂತರ ಹೋರಾಡುವುದು ಆಗದ ಮಾತು ಎಂದರು. ನಾವು ನೂರೈವತ್ತು ಮೀಟರಿಗೇ ಏದುಸಿರು ಬಿಟ್ಟೆವು. ಕುರ್ಚಿಯಲ್ಲಿ ಕೂತು ದುಡಿಯುವ ನನ್ನಂಥವನ ಉಸಿರು ಸಾಕ್ಷಿಯಾಗಲಾರದು, ಅದೂ ಸರಿ. ಬಹುಶಃ ಹೆಚ್ಚು ದೂರ ಬಿರುಸಾಗಿ ನಡೆದು, ಬಾಣ ಬೀಳುವ ಅಂತರ ಬಂದಾಗ ಓಡಿರಬೇಕು ಎಂಬುದು ಹಲವರ ಊಹೆ. ನನಗೂ ಅದೇ ಸರಿ ಕಾಣುತ್ತದೆ.

ಮಧ್ಯಾಹ್ನದ ಊಟದಲ್ಲಿ ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಣಸಿನಕಾಯಿಯಂತೂ ಇಲ್ಲವೇ ಇಲ್ಲ. ಇವೆಲ್ಲ ಅಮೆರಿಕ ಖಂಡದಿಂದ ನಂತರ ಬಂದವು. (ನಮ್ಮ ಅಡುಗೆಮನೆಗೂ ಹಾಗೆಯೇ. ಪುಲಿಕೇಶಿಯೂ ಒಣಮೆಣಸಿನಕಾಯಿ ಕಂಡವನಲ್ಲ.) ಬೇಳೆ ಬೇಯಿಸಿದ ಗಂಜಿ, ಆಲಿವ್, ಒಣ ಅಂಜೂರ, ಜೊತೆಗೆ ಹುರಿದ ಬಾರ್ಲಿ ಹಿಟ್ಟನ್ನು ನೀರಿನಲ್ಲಿ ಕಲಸಿ ಕಟ್ಟಿದ ಉಂಡೆ. ಅದಕ್ಕೆ ಮಾಜಾ ಎಂದು ಹೆಸರು. ಉಳಿದವರು ಮುಖ ಕಿವಿಚಿದರು. ಮುದ್ದೆ ಉಂಡು ಬೆಳೆದ ನನಗೆ ಏನೂ ಕಷ್ಟವಾಗಲಿಲ್ಲ.

ಈ ಊಟ ಮಾಡಿಕೊಟ್ಟವರು ಯಾರು ಎಂಬಲ್ಲಿಂದ ನನ್ನ ಮುಖ್ಯ ವಿಷಯ ಶುರುವಾಗುತ್ತದೆ. ಭಾನುವಾರ ಊರಿನ ಜನರೆದುರು ಪ್ರದರ್ಶನ. ನನ್ನ ಅಳತೆಯ ಕವಚ ಇರಲಿಲ್ಲವಾದ್ದರಿಂದ ಒರಟು ಬಟ್ಟೆಯ ಅಂಗಿ ಕೊಟ್ಟು, ನೀನು ಆಳು ಎಂದರು. ಹಾಪ್ಲೈಟ್ ತನ್ನ ಗುರಾಣಿಯನ್ನು ಯುದ್ಧದ ಹೊತ್ತಿನವರೆಗೆ ತಾನೇ ಹೊರುತ್ತಿರಲಿಲ್ಲ. ಆಯುಧಗಳನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬಲ್ಲ ಆ ನಾಗರಿಕನ ಹಿಂದೆ ಸಾಮಾನ್ಯವಾಗಿ ಒಬ್ಬ ಗುಲಾಮ ಗುರಾಣಿ, ಹಾಸಿಗೆ, ದವಸ ಹೊತ್ತು ನಡೆಯುತ್ತಿದ್ದ. ಪೊಟಿಡಿಯ ಎಂಬ ಊರಿನ ಮುತ್ತಿಗೆಯಲ್ಲಿ ಪ್ರತಿ ಹಾಪ್ಲೈಟ್‌ಗೆ ದಿನಕ್ಕೆ ಎರಡು ದ್ರಾಕ್ಮಾ ಸಂಬಳವಿತ್ತು, ಒಂದು ಅವನಿಗೆ, ಒಂದು ಅವನ ಆಳಿಗೆ ಎಂದು ಥುಸಿಡೈಡಿಸ್ ಲೆಕ್ಕ ಕೊಡುತ್ತಾನೆ. ಕ್ರಿ.ಪೂ. 479ರ ಪ್ಲಾಟಿಯ ಯುದ್ಧಕ್ಕೆ 5,000 ಸ್ಪಾರ್ಟಾ ಯೋಧರು ಬಂದಾಗ ಅವರ ಜೊತೆ 35,000 ಹೆಲಟ್‌ಗಳು, ಅಂದರೆ ಸ್ಪಾರ್ಟಾದವರ ಹೊಲ ಉಳುತ್ತಿದ್ದ ಜೀತದಾಳುಗಳು, ಬಂದಿದ್ದರು ಎನ್ನುತ್ತಾನೆ ಹೆರೊಡೋಟಸ್. ಒಬ್ಬನಿಗೆ ಏಳು ಜನ. ಆ ಬಯಲಿನಲ್ಲಿ ನಮ್ಮ ಲೆಕ್ಕ ತಲೆಕೆಳಗಾಗಿತ್ತು: ಇಪ್ಪತ್ತು ಯೋಧರು, ಇಬ್ಬರು ಆಳುಗಳು. ಸ್ವಂತ ಖರ್ಚಿನಲ್ಲಿ ವೇಷ ಕಟ್ಟುವವರು ಯಾರೂ ಗುಲಾಮನ ವೇಷಕ್ಕೆ ಖರ್ಚು ಮಾಡುವುದಿಲ್ಲ. ನಮ್ಮ ಬಯಲಾಟದಲ್ಲೂ ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಕೇಳುತ್ತಾರೆಯೇ ಹೊರತು ದೂತನದ್ದಲ್ಲ.

ಗುರಾಣಿಯನ್ನು ಬೆನ್ನಿಗೆ ಕಟ್ಟಿಕೊಂಡು ಅರ್ಧ ಗಂಟೆ ಬಿಸಿಲಿನಲ್ಲಿ ನಡೆದು, ಮೈದಾನದ ಅಂಚಿನಲ್ಲಿ ಅದನ್ನು ನನ್ನ 'ಒಡೆಯ'ನ ತೋಳಿಗೆ ಏರಿಸಿದೆ. ಜನ ಫೋಟೋ ತೆಗೆಯುತ್ತಿದ್ದರು. ಒಬ್ಬರು ನನಗೆ ಕೈಸನ್ನೆ ಮಾಡಿ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು, ಚಿತ್ರದಲ್ಲಿ ನಾನು ಬೀಳದ ಹಾಗೆ. ಸರಿದೆ. ಆಗ ನೆನಪಾದವರು ನನ್ನ ತಾತ. ಅವರು ಬೇರೆಯವರ ಹೊಲದಲ್ಲಿ ಆಳಾಗಿದ್ದವರು. ಒಡೆಯರು ಜಾತ್ರೆಗೆ ಹೊರಟರೆ ಹಾಸಿಗೆ, ಪಾತ್ರೆ ಹೊತ್ತು ಗಾಡಿಯ ಹಿಂದೆ ನಡೆಯುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಗ್ರೀಸಿನ ಗುಲಾಮಗಿರಿಯೂ ನಮ್ಮ ಆಳುತನವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮನುಷ್ಯನನ್ನು ಸಂತೆಯಲ್ಲಿಟ್ಟು ಮಾರುತ್ತಿದ್ದರು. ಆದರೆ ಪ್ರಜಾಪ್ರಭುತ್ವದ ತೊಟ್ಟಿಲು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಅಥೆನ್ಸಿನಲ್ಲಿ ನನ್ನ ಮನೆತನದವರು ಹುಟ್ಟಿದ್ದರೆ ಯಾವ ಸಾಲಿನಲ್ಲಿರುತ್ತಿದ್ದರು ಎಂಬುದು ಆ ಭಾರದ ಕೆಳಗೆ ನನಗೆ ಸ್ಪಷ್ಟವಾಗಿತ್ತು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಮೊದಲಿಗ ನಾನು, ಅದೂ ಈ ಶಾಲೆ ಇದ್ದುದರಿಂದ. ಇದರ ಮೊದಲ ಕೊಠಡಿಗಳಿಗೆ ಕಲ್ಲು, ಮರಳು ಹೊತ್ತವರ ಹೆಸರು ಗೊತ್ತಿರುವ ಹಿರಿಯರು ಯಾರಾದರೂ ಇದೇ ಸಂಚಿಕೆಯಲ್ಲಿ ಅದನ್ನು ಬರೆದಿರಲಿ ಎಂದು ಆಸೆ.

ಪ್ರದರ್ಶನ ಮುಗಿದ ಮೇಲೆ ಪರ್ಷಿಯನ್ ವೇಷದವನೊಬ್ಬ ಬಂದು, ನೀನು ನಿಜವಾಗಿ ನಮ್ಮ ಕಡೆಯವನು ಎಂದು ತಮಾಷೆ ಮಾಡಿದ. ತಮಾಷೆಯಲ್ಲಿ ತಿರುಳಿತ್ತು. ಹತ್ತು ವರ್ಷ ಕಳೆದು, ಕ್ರಿ.ಪೂ. 480ರಲ್ಲಿ ಡೇರಿಯಸ್‌ನ ಮಗ ಕ್ಸರ್ಕ್ಸಿಸ್ ಮತ್ತೆ ದಂಡೆತ್ತಿ ಬಂದಾಗ ಅವನ ಸೈನ್ಯದಲ್ಲಿ ಭಾರತೀಯರೂ ಇದ್ದರು. ಹತ್ತಿಯ ಬಟ್ಟೆ, ಜೊಂಡಿನ ಬಿಲ್ಲು, ಕಬ್ಬಿಣದ ಮೊನೆಯ ಬಾಣ ಎಂದು ಹೆರೊಡೋಟಸ್ ಅವರನ್ನು ವರ್ಣಿಸುತ್ತಾನೆ. ಪರ್ಷಿಯಾಕ್ಕೆ ಕಪ್ಪ ಕೊಡುತ್ತಿದ್ದ ಸಿಂಧೂ ಕಡೆಯ ಜನ ಅವರು. ಕನ್ನಡ ನಾಡಿಗೂ ಅವರಿಗೂ ಸಂಬಂಧವಿಲ್ಲ. ಆದರೂ ಅಷ್ಟು ದೂರದಿಂದ ಯಾರದೋ ಯುದ್ಧಕ್ಕೆ ನಡೆದು ಬಂದ ಆ ಬಿಲ್ಲುಗಾರರಲ್ಲಿ ಒಬ್ಬನ ಹೆಸರೂ ಪುಸ್ತಕದಲ್ಲಿಲ್ಲ.

ಸಂಜೆ ವೇಷ ಕಳಚಿ ಸಮಾಧಿ ದಿಬ್ಬ ನೋಡಲು ಹೋದೆವು. ಸುಮಾರು ಒಂಬತ್ತು ಮೀಟರ್ ಎತ್ತರದ, ಹುಲ್ಲು ಬೆಳೆದ ಮಣ್ಣಿನ ಗುಡ್ಡ. ಯುದ್ಧದಲ್ಲಿ ಸತ್ತ ಅಥೆನ್ಸಿನವರು 192 ಜನ. 1890ರ ಸುಮಾರಿಗೆ ಅಗೆದಾಗ ಸುಟ್ಟ ಮೂಳೆ, ಬೂದಿ, ಎಣ್ಣೆಯ ಪುಟ್ಟ ಕುಡಿಕೆಗಳು ಸಿಕ್ಕವು. ಸತ್ತವರ ಹೆಸರುಗಳನ್ನು ಕುಲದ ಪ್ರಕಾರ ಕಲ್ಲಿನಲ್ಲಿ ಕೆತ್ತಿ ಅಲ್ಲಿ ನಿಲ್ಲಿಸಿದ್ದರು, ನಮ್ಮ ವೀರಗಲ್ಲಿನ ಹಾಗೆ. ಕ್ರಿ.ಶ. ಎರಡನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಲೇಖಕ ಪಾಸನಿಯಸ್ ಆ ಕಲ್ಲುಗಳನ್ನು ಕಂಡಿದ್ದ. ಅವನು ಇನ್ನೊಂದು ಮಾತು ಬರೆದಿದ್ದಾನೆ: ಪಕ್ಕದಲ್ಲಿ ಎರಡನೆಯ ಸಮಾಧಿಯೂ ಇತ್ತು, ಅದು ಪ್ಲಾಟಿಯದವರದ್ದು ಮತ್ತು ಗುಲಾಮರದ್ದು, ಗುಲಾಮರು ಯುದ್ಧದಲ್ಲಿ ಹೋರಾಡಿದ್ದು ಅದೇ ಮೊದಲು. ಹೆರೊಡೋಟಸ್ ಈ ವಿಷಯ ಎತ್ತುವುದಿಲ್ಲ.

ಎರಡನೆಯ ಸಮಾಧಿ ಯಾವುದು? 1970ರಲ್ಲಿ ಸ್ಪೈರಿಡಾನ್ ಮರಿನಾಟೋಸ್ ಎಂಬ ಪುರಾತತ್ತ್ವಜ್ಞರು ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ವ್ರಾನಾ ಎಂಬಲ್ಲಿ ಚಿಕ್ಕ ದಿಬ್ಬವೊಂದನ್ನು ಅಗೆದು, ಇದೇ ಪ್ಲಾಟಿಯದವರದ್ದು ಎಂದರು. ತುಂಬ ದೂರವಾಯಿತು ಎಂದು ಹಲವರು ಒಪ್ಪಲಿಲ್ಲ. ನಾವು ಅಲ್ಲಿಗೂ ಹೋದೆವು. ನನ್ನ ಜೊತೆ ಆಳಿನ ವೇಷ ಹಾಕಿದ್ದ ಹುಡುಗ ಬೇಲಿಯ ಆಚೆ ನಿಂತು, ಇದು ಅಲ್ಲದಿದ್ದರೆ ಅವರು ಎಲ್ಲಿದ್ದಾರೆ ಎಂದು ಮೇಷ್ಟ್ರನ್ನು ಕೇಳಿದ. ಅವರು ಕಡಲಿನವರೆಗೆ ಹಬ್ಬಿದ್ದ ಆಲಿವ್ ತೋಟಗಳ ಕಡೆ ಕೈ ತೋರಿಸಿದರು.