ಬೋನಿನ ತೋಳ ಕಲಿಸಿದ್ದೇನು?



‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಕಷ್ಟಕ್ಕೆ ಸಿಕ್ಕಿಬಿದ್ದವನ ಮೇಲೆ ಎಲ್ಲರೂ ಕೈಮಾಡುತ್ತಾರೆ ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ರಾತ್ರಿ ಬಂದು ಕುರಿ ಹೊತ್ತು ಕತ್ತಲಲ್ಲಿ ಮಾಯವಾಗುವ ಪ್ರಾಣಿಯನ್ನು ಮನುಷ್ಯ ಹತ್ತಿರದಿಂದ ಕಂಡದ್ದು ಅದು ಸೆರೆಸಿಕ್ಕಾಗ ಮಾತ್ರ. ಸೆರೆಯ ತೋಳವನ್ನು ನೋಡಿ ತೋಳದ ಸ್ವಭಾವವನ್ನು ಅರಿಯಬಹುದೇ? ಇಪ್ಪತ್ತನೆಯ ಶತಮಾನದ ಪ್ರಾಣಿವಿಜ್ಞಾನದಲ್ಲಿ ಈ ಪ್ರಶ್ನೆಗೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

ಮೊದಲು ನಮ್ಮ ನೆಲದ ಮಾತು. ಕೋಲಾರದ ಅಂತರಗಂಗೆ ಬೆಟ್ಟ, ಮುಳಬಾಗಿಲಿನ ಬಂಡೆಗುಡ್ಡಗಳು, ಮಾಲೂರು ಮತ್ತು ಶ್ರೀನಿವಾಸಪುರದ ಕಡೆಯ ಕುರುಚಲು ಬಯಲು, ರಾಗಿ ಹೊಲ, ಗೋಮಾಳ ನಿಮಗೆಲ್ಲ ಪರಿಚಿತ. ಭಾರತದ ತೋಳ ದಟ್ಟಡವಿಯ ಪ್ರಾಣಿಯಲ್ಲ. ಇಂಥ ಬಯಲುಸೀಮೆಯೇ ಅದಕ್ಕೆ ಒಗ್ಗುವ ನೆಲ. ಹುಲ್ಲೆ, ಮೊಲಗಳ ಜೊತೆಗೆ ಕುರಿ, ಮೇಕೆಗಳೂ ಅದರ ಆಹಾರ. ಆದ್ದರಿಂದಲೇ ಬಯಲುಸೀಮೆಯ ಕುರುಬರಿಗೂ ತೋಳಕ್ಕೂ ತಲೆಮಾರುಗಳ ವೈರ. ರೊಪ್ಪದ ಸುತ್ತ ಮುಳ್ಳುಬೇಲಿ, ಕಾವಲಿಗೆ ನಾಯಿ, ರಾತ್ರಿಯಿಡೀ ಎಚ್ಚರ. ಒಂದು ಕುರಿ ಹೋದರೆ ಬಡ ಕುರಿಗಾಹಿಗೆ ಆಗುವ ನಷ್ಟ ಸಣ್ಣದಲ್ಲ ಎಂಬುದನ್ನು ನಾವು ಮರೆಯಬಾರದು.

ಈ ತೋಳವನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. 1831ರಲ್ಲಿ ಆತ ದಖನ್ನಿನ ತೋಳವನ್ನು ವರ್ಣಿಸಿ ‘ಕ್ಯಾನಿಸ್ ಪ್ಯಾಲಿಪೆಸ್’ ಎಂದು ಹೆಸರಿಟ್ಟ. ‘ಪ್ಯಾಲಿಪೆಸ್’ ಎಂದರೆ ಮಾಸಲು ಬಣ್ಣದ ಕಾಲಿನದು ಎಂದರ್ಥ. ಆದರೆ ಬ್ರಿಟಿಷ್ ಆಡಳಿತ ತೋಳವನ್ನು ಅಭ್ಯಾಸ ಮಾಡಿದ್ದಕ್ಕಿಂತ ಕೊಲ್ಲಿಸಿದ್ದೇ ಹೆಚ್ಚು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 2 ಲಕ್ಷ ತೋಳಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜು ಮಾಡಿದ್ದಾರೆ. ತೋಳದ ತಲೆಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವದು.

ಇನ್ನು ಯೂರೋಪಿನತ್ತ ತಿರುಗೋಣ. 1930–40ರ ದಶಕಗಳಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿಜ್ಞಾನಿ ಬಾಸೆಲ್ ನಗರದ ಮೃಗಾಲಯದಲ್ಲಿ ತೋಳಗಳನ್ನು ತಾಳ್ಮೆಯಿಂದ ಗಮನಿಸಿದರು. ಆ ಆವರಣದ ಅಗಲ 10 ಮೀಟರ್, ಉದ್ದ 20 ಮೀಟರ್. ನಿಮ್ಮ ಶಾಲೆಯ ವಾಲಿಬಾಲ್ ಅಂಕಣಕ್ಕಿಂತ ಸ್ವಲ್ಪವೇ ದೊಡ್ಡದು. ಅದರಲ್ಲಿ ಹತ್ತರವರೆಗೆ ತೋಳಗಳಿದ್ದವು. ಬಾಲ ಎತ್ತುವುದು, ಕಿವಿ ಹಿಂದಕ್ಕೆ ಮಡಿಸುವುದು, ಹಲ್ಲು ತೋರುವುದು, ಬೆನ್ನು ನೆಲಕ್ಕಿಟ್ಟು ಮಲಗುವುದು ಮೊದಲಾದ ಪ್ರತಿಯೊಂದು ಚೇಷ್ಟೆಗೂ ಅರ್ಥವಿದೆ ಎಂದು ಅವರು ತೋರಿಸಿಕೊಟ್ಟರು. 1947ರಲ್ಲಿ ಪ್ರಕಟವಾದ ಈ ಅಧ್ಯಯನ ತೋಳದ ಅಂಗಭಾಷೆಯ ಮೊದಲ ಪಾಠಪುಸ್ತಕ ಎನ್ನಬಹುದು.

ಆದರೆ ಅದೇ ಅಧ್ಯಯನದಿಂದ ಇನ್ನೊಂದು ತೀರ್ಮಾನವೂ ಹೊರಟಿತು. ತೋಳಗಳು ಮೇಲುಗೈಗಾಗಿ ಸದಾ ಹೊಡೆದಾಡುತ್ತವೆ, ಗೆದ್ದದ್ದು ಹಿಂಡಿಗೆ ಒಡೆಯನಾಗುತ್ತದೆ ಎಂಬುದೇ ಆ ತೀರ್ಮಾನ. ಹಾಗೆ ಗೆದ್ದ ತೋಳಕ್ಕೆ ‘ಆಲ್ಫಾ’ ಎಂಬ ಹೆಸರು ಬಳಕೆಗೆ ಬಂತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ‘ದಿ ವುಲ್ಫ್’ ಎಂಬ ಗ್ರಂಥದ ಮೂಲಕ ಈ ಮಾತು ಜಗತ್ತಿನಾದ್ಯಂತ ಹರಡಿತು. ನಾಯಿ ಸಾಕುವವರು ಅದನ್ನು ಹಿಡಿದುಕೊಂಡರು. ಮನುಷ್ಯರಲ್ಲಿಯೂ ದರ್ಪದವನೇ ನಾಯಕ ಎಂದು ವಾದಿಸುವವರಿಗೆ ಅದೊಂದು ಆಧಾರವಾಯಿತು.

ಕಾಡಿನ ತೋಳಗಳ ಕಥೆಯೇ ಬೇರೆ. ಅಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ 1939ರಿಂದ 1941ರವರೆಗೆ ಅಲಾಸ್ಕಾದಲ್ಲಿ ತೋಳಗಳನ್ನು ಅಭ್ಯಸಿಸಿ, 1944ರಲ್ಲಿಯೇ ಹಿಂಡೆಂದರೆ ಒಂದು ಕುಟುಂಬ ಎಂದು ಬರೆದಿದ್ದರು. ಆ ಮಾತಿಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಮುಂದೆ ಸ್ವತಃ ಮೆಕ್ ಅವರು 1986ರಿಂದ ಹಲವು ಬೇಸಿಗೆಗಳನ್ನು ಕೆನಡಾದ ಎಲ್ಸ್‌ಮಿಯರ್ ದ್ವೀಪದ ತೋಳಗಳ ಸನಿಹದಲ್ಲಿ ಕಳೆದರು. ಅಲ್ಲಿ ಅವರು ಕಂಡದ್ದು ಒಡೆಯ–ಆಳುಗಳನ್ನಲ್ಲ. ತಂದೆ, ತಾಯಿ ಮತ್ತು ಮಕ್ಕಳನ್ನು. ಬೆಳೆದ ಮಕ್ಕಳು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದೊಳಗೆ ಹಿಂಡು ಬಿಟ್ಟು ಜೊತೆ ಹುಡುಕಿ ಹೊಸ ಸಂಸಾರ ಹೂಡುತ್ತವೆ. ಆದರೆ ಬೋನಿನಲ್ಲಿ ಬಿಟ್ಟು ಹೋಗುವುದೆಲ್ಲಿಗೆ? ಬೇರೆ ಬೇರೆ ಕಡೆಯಿಂದ ತಂದು ಕೂಡಿಹಾಕಿದ ತೋಳಗಳು ಹೊಡೆದಾಡಿದರೆ ಅದು ತೋಳದ ಗುಣವಲ್ಲ, ಸೆರೆಯ ಗುಣ. 1999ರಲ್ಲಿ ಮೆಕ್ ಇದನ್ನು ವಿವರಿಸಿ, ಸಹಜ ಹಿಂಡಿಗೆ ‘ಆಲ್ಫಾ’ ಎಂಬ ಮಾತು ಸಲ್ಲದೆಂದು ಲೇಖನ ಬರೆದರು. ತಮ್ಮ ಹಳೆಯ ಗ್ರಂಥದ ಮುದ್ರಣವನ್ನು ನಿಲ್ಲಿಸುವಂತೆ ಪ್ರಕಾಶಕರನ್ನೂ ಕೇಳಿಕೊಂಡರು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನದ ದೊಡ್ಡ ಗುಣ. ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಹಾಗೆಂದು ಮೃಗಾಲಯದ ವೀಕ್ಷಣೆ ವ್ಯರ್ಥವೆಂದು ತಿಳಿಯಬಾರದು. ಹೆಣ್ಣು ತೋಳದ ಗರ್ಭಾವಧಿ ಸುಮಾರು 63 ದಿನ. ಮರಿಗಳು ಕಣ್ಣು ಮುಚ್ಚಿಯೇ ಹುಟ್ಟಿ, ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತವೆ. ಇಂಥ ವಿವರಗಳನ್ನು ದಿನವೂ ಕಣ್ಣೆದುರಿರುವ ತೋಳಗಳಲ್ಲಿ ನಿಖರವಾಗಿ ಗುರುತಿಸಬಹುದು. ಮರಿ ದೊಡ್ಡ ತೋಳದ ಬಾಯಿ ನೆಕ್ಕಿದರೆ, ಅದು ಹೊಟ್ಟೆಯಲ್ಲಿರುವ ಮಾಂಸವನ್ನು ಕಕ್ಕಿ ಉಣಿಸುತ್ತದೆ. ತಾಯಿ ಮಾತ್ರವಲ್ಲ, ತಂದೆ, ಅಣ್ಣ, ಅಕ್ಕಂದಿರೂ ಹೀಗೆ ಉಣಿಸುವುದುಂಟು. ಮಹಾಭಾರತದ ಭೀಮನಿಗೆ ವೃಕೋದರ, ಅಂದರೆ ತೋಳದ ಹೊಟ್ಟೆಯವನು ಎಂಬ ಹೆಸರಿದೆ. ಆ ಹೆಸರಿನಲ್ಲಿ ನಾವು ಹಸಿವನ್ನಷ್ಟೇ ಕಾಣುತ್ತೇವೆ. ಆದರೆ ಆ ಹೊಟ್ಟೆ ಮನೆಮಂದಿಗೆ ತರುವ ಬುತ್ತಿಯೂ ಹೌದು!

ಇಂದು ನಮ್ಮ ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರವೆಂದು ಅಂದಾಜು. 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದ ಪ್ರಕಾರ ಭಾರತೀಯ ತೋಳ ಜಗತ್ತಿನ ತೋಳಗಳಲ್ಲೇ ಬಹು ಪುರಾತನ ಕವಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. 1974ರಲ್ಲಿ ಮೇಲುಕೋಟೆಯ ಸುತ್ತಣ ಸುಮಾರು 50 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಿದಾಗ ತೋಳದ ರಕ್ಷಣೆಯೂ ಅದರ ಮುಖ್ಯ ಉದ್ದೇಶವಾಗಿತ್ತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಧಾಮವೊಂದು ರೂಪುಗೊಂಡಿದೆ. ಆದರೆ ಕಾಯ್ದೆಯಿದ್ದರೂ ನೆಲವಿಲ್ಲದಿದ್ದರೆ ತೋಳ ಉಳಿಯದು. 1980ರ ದಶಕದಿಂದ ಕೋಲಾರ ಸೀಮೆಯ ಎಷ್ಟೋ ಬಯಲು ನೀಲಗಿರಿ ತೋಪಾಯಿತು, ಗುಡ್ಡಗಳು ಕಲ್ಲುಕ್ವಾರಿಗಳಾದವು. ಬರಿಯ ಬಂಜರೆಂದು ನಾವು ಕರೆಯುವ ನೆಲ ಕುರಿಗೂ ತೋಳಕ್ಕೂ ಮನೆಯಾಗಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಮುಂದಿನ ಶೈಕ್ಷಣಿಕ ಪ್ರವಾಸದಲ್ಲಿ ನೀವು ಮೈಸೂರಿಗೆ ಹೋದಾಗ, 1892ರಲ್ಲಿ ಸ್ಥಾಪನೆಯಾದ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ತೋಳದ ಆವರಣದ ಮುಂದೆ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಕೂಗಬೇಡಿ, ಕಲ್ಲೆಸೆಯಬೇಡಿ. ಬಾಲ, ಕಿವಿ, ನಡಿಗೆಗಳನ್ನು ಗಮನಿಸಿ ಬರೆದುಕೊಳ್ಳಿ. ಇದು ತೋಳದ ಸ್ವಭಾವವೋ, ಬೇಲಿಯ ಪರಿಣಾಮವೋ ಎಂದು ಪ್ರತಿ ಸಾಲಿನ ಎದುರಿಗೂ ಪ್ರಶ್ನೆ ಹಾಕಿಕೊಳ್ಳಿ. ಊರಿಗೆ ಮರಳಿದ ಮೇಲೆ ಕುರಿ ಕಾಯ್ದ ಹಿರಿಯರೊಬ್ಬರ ಬಳಿ ಕುಳಿತು, ಅವರು ಕಂಡ ತೋಳದ ವಿಷಯ ಕೇಳಿ ಬರೆದಿಡಿ. ಬೋನಿನಲ್ಲಿ ಕಾಣದಿದ್ದುದನ್ನು ಅವರು ಬಯಲಿನಲ್ಲಿ ಕಂಡಿರಬಹುದು. ಹಳ್ಳಕ್ಕೆ ಬಿದ್ದ ತೋಳಕ್ಕೆ ಕಲ್ಲೆಸೆದ ಕಾಲ ಮುಗಿದು, ಅದನ್ನು ಅರಿಯುವ ಕಾಲ ನಿಮ್ಮಿಂದ ಆರಂಭವಾಗಲಿ.