ಗಂಡಸ್ತನದ ಪಾಠ ಹೇಳೋರು ಯಾರು?

"ಅಳಬ್ಯಾಡ ಕಣ್ಲಾ, ನೀನೇನು ಹೆಂಗ್ಸಾ?" ನಮ್ಮ ಕೇರಿಯ ಹುಡುಗರಿಗೆ ಗಂಡಸ್ತನದ ಮೊದಲ ಪಾಠ ಇದು. ಮಿಕ್ಕಿದ್ದನ್ನು ಬೀದಿ ಕಲಿಸುತ್ತದೆ, ಸಿನಿಮಾ ಕಲಿಸುತ್ತದೆ, ಈಗ ಮೊಬೈಲೂ ಕಲಿಸುತ್ತದೆ. ಬಹುಪಾಲು ಶಾಲೆಗಳು ಮಾತ್ರ ಬಾಯಿ ಹೊಲಿದುಕೊಂಡು ಕೂತಿವೆ. ಈ ಮೌನಕ್ಕೂ ಒಂದು ಚರಿತ್ರೆ ಇದೆ.

1927ರಲ್ಲಿ ಮುಂಬಯಿಯ ರಘುನಾಥ ಧೋಂಡೊ ಕರ್ವೆ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆ ಶುರು ಮಾಡಿದರು. ಇವರು ಗಣಿತದ ಮೇಷ್ಟ್ರು. ಸಂತಾನ ನಿಯಂತ್ರಣದ ಮಾತಾಡಿ ಕೆಲಸ ಕಳಕೊಂಡವರು. ಮನೆಯಲ್ಲಿ ಕೇಳಲಾಗದ್ದನ್ನು ಓದುಗರು ಇವರಿಗೆ ಬರೆದು ಕೇಳಿದರು. ಕರ್ವೆ ಹೆದರಿಸಲಿಲ್ಲ, ಪಾಪ ಅನ್ನಲಿಲ್ಲ, ಉತ್ತರ ಕೊಟ್ಟರು. ಅದಕ್ಕೇ ಅಶ್ಲೀಲವೆಂದು ಮೊಕದ್ದಮೆ ಬಿತ್ತು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಯಾರು ಗೊತ್ತೆ? ಬಾಬಾಸಾಹೇಬ ಅಂಬೇಡ್ಕರ್! ತಿಳಿಯಬೇಕೆಂದು ಕೇಳಿದವರಿಗೆ ಉತ್ತರಿಸುವುದು ತಪ್ಪಲ್ಲ ಎಂದು ವಾದಿಸಿದರು. ಕೇಸು ಸೋತರು. ಕರ್ವೆ ದಂಡ ಕಟ್ಟಿದರು.

ಮಹಾಡದ ಕೆರೆಗೆ ಇಳಿದ ಬಾಬಾಸಾಹೇಬರಿಗೆ ಇದು ಹೊರಗಿನ ವಿಷಯವಾಗಿರಲಿಲ್ಲ. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ, ಇವೆಲ್ಲ ಜಾತಿಯನ್ನು ಕಾಯುವ ಬೇಲಿಗಳೆಂದು 1916ರಲ್ಲೇ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದ್ದರು. 1942ರ ಜುಲೈಯಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ಹೇಳಿದರು: ಮದುವೆಗೆ ಅವಸರ ಬೇಡ, ಹೆಂಡತಿ ಗಂಡನಿಗೆ ಗೆಳತಿಯಾಗಿ, ಸಮಾನಳಾಗಿ ನಿಲ್ಲಲಿ, ಗುಲಾಮಳಾಗಲು ಒಪ್ಪದಿರಲಿ. ಈ ಮಾತಿನಲ್ಲಿ ಅರ್ಧ ಗಂಡಸರ ಪಾಲಿನದು. ಗೆಳತಿ ಬೇಕಾದವನು ಮೊದಲು ಗೆಳೆಯನಾಗುವುದನ್ನು ಕಲಿಯಬೇಕು.

ಆಮೇಲೇನಾಯಿತು? ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದವರಿಗೆಂದು ಶಾಲೆಗಳಿಗೆ ಪಾಠ ತಂದಿತು. 2007ರಲ್ಲಿ ಹಲವು ರಾಜ್ಯಗಳು ಅದನ್ನು ತಳ್ಳಿಹಾಕಿದವು. ಕರ್ನಾಟಕವೂ ಅದರಲ್ಲಿ ಒಂದು. ಸಂಸ್ಕೃತಿ ಕೆಡುತ್ತದಂತೆ! ಯಾರ ಸಂಸ್ಕೃತಿ? ನಮ್ಮ ಅಕ್ಕತಂಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ ಸಂಸ್ಕೃತಿಯೇ? ಅದನ್ನು ನಿಲ್ಲಿಸಲು 1982ರಲ್ಲಿ ಕಾನೂನೇ ಬೇಕಾಯಿತಲ್ಲ! ಆಗ ಕೆಡದಿದ್ದು ಹುಡುಗನೊಬ್ಬ ತನ್ನ ಮೈಯ ಬಗ್ಗೆ ಕೇಳಿದರೆ ಕೆಡುತ್ತದೆಯೇ?

ಗೆಳೆಯರೇ, ಧಣಿಯ ಮುಂದೆ ಕೈಕಟ್ಟಿ ನಿಂತವನು ಗುಡಿಸಲಿಗೆ ಬಂದು ಹೆಂಡತಿಯ ಮೇಲೆ ಕೈಯೆತ್ತಿದರೆ, ಧಣಿ ಅವನ ಮೈಯೊಳಗೇ ಹೊಕ್ಕಿದ್ದಾನೆ ಎಂದರ್ಥ. ಅವನನ್ನು ಹೊರಗಟ್ಟದೆ ನಮ್ಮ ಹೋರಾಟ ಮುಗಿಯದು.

ಹಳ್ಳಿಯ ಮೇಷ್ಟ್ರುಗಳೇ, ಸರ್ಕಾರದ ಆದೇಶಕ್ಕೆ ಕಾಯಬೇಡಿ. ಹುಡುಗರು ಹೆಸರು ಹಾಕದೆ ಚೀಟಿಯಲ್ಲಿ ಪ್ರಶ್ನೆ ಬರೆಯಲಿ. ಬೆತ್ತ ಬದಿಗಿಟ್ಟು ಉತ್ತರಿಸಿ. ಹುಡುಗಿ "ಒಲ್ಲೆ" ಅಂದರೆ ಒಲ್ಲೆ ಅಂತಲೇ ಅರ್ಥ, ಅತ್ತರೆ ಗಂಡಸ್ತನ ಹೋಗೋದಿಲ್ಲ ಅಂತ ಹೇಳಿಕೊಡಿ. 1934ರಲ್ಲಿ ಕೋರ್ಟಿನಲ್ಲಿ ಸೋತದ್ದನ್ನು ನಿಮ್ಮ ತರಗತಿಯಲ್ಲಿ ಗೆಲ್ಲಬಹುದು.